ಹುಲಿಯ ಪಟ್ಟೆಗೆ ಕಪ್ಪು

ಮೊನ್ನೆ ಮಣ್ಣಗುಡ್ಡದ ಒಂದು ಮನೆಗೆ ಹಿತ್ತಾಳೆಯ ನಾಮಫಲಕ ಕೂರಿಸಲು ಹೋಗಿದ್ದೆ. ಬಡಗಿ ಹೊಸ ಬಾಗಿಲಿಗೆ ಅಗಸೆ ಎಣ್ಣೆ ಹಚ್ಚುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕೈ ನಿಂತಿತು... ಪೊರ್ಬುಗಳ ಅಂಗಡಿಯ ವಾಸನೆ ಅದು.

ಕ್ರಿಶ್ಚಿಯನ್ ಹಿರಿಯರನ್ನು ನಮ್ಮ ಕಡೆ ಕರೆಯುವ ಹಾಗೆ ಎಲ್ಲರೂ ಅವರನ್ನು ಪೊರ್ಬುಗಳೇ ಎನ್ನುತ್ತಿದ್ದರು. ಕಂಕನಾಡಿಯಲ್ಲಿ ಅವರದ್ದು ಕೋವಿ ರಿಪೇರಿ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಹತ್ತು ಕಡೆ ದುಡಿದು, ಮದುವೆಯಾದ ಮೇಲೆ ಅಲ್ಲಿಗೆ ಸೇರಿದವ. ಕೋವಿಯ ಕೆತ್ತನೆಗೆ ಕಪ್ಪು ತುಂಬುವುದು ನನ್ನ ಪಾಲಿನ ಕೆಲಸ. ಕೆತ್ತನೆ ಇರುವ ಪಕ್ಕದ ತಗಡನ್ನು ಬಿಚ್ಚಿ ಕೆಂಡದ ಮೇಲೆ ಹಿಡಿದು ಬಿಸಿ ಮಾಡಬೇಕು. ದೀಪದ ಮಸಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು ಗೆರೆಗಳಿಗೆ ತಿಕ್ಕಿ, ಮೇಲಿನದ್ದನ್ನು ಒರೆಸಿದರೆ ಹೂವೋ ಬಳ್ಳಿಯೋ ಎದ್ದು ಬರುತ್ತಿತ್ತು. ನನ್ನಷ್ಟು ಚೊಕ್ಕವಾಗಿ ಮಾಡುವವರು ಊರಲ್ಲಿ ಇರಲಿಲ್ಲ. ಹೇಳಲು ನನಗೆ ನಾಚಿಕೆ ಇಲ್ಲ.

ಒಮ್ಮೆ ಆಯುಧ ಪೂಜೆ ಕಳೆದ ಮೇಲೆ ತೊಕ್ಕೊಟ್ಟಿನ ಆಚೆಯ ಗುತ್ತಿನ ಮನೆಯ, ಅಂದರೆ ಹಳೇ ಜಮೀನ್ದಾರರ ಮನೆಯ, ಧಣಿ ಬಂದರು. ಕೈಯಲ್ಲಿ ಅವರ ಅಜ್ಜನ ಕಾಲದ ಕೋವಿ, ಬಾಯಿಯಿಂದ ಮದ್ದು ತುಂಬಿಸುವಂಥದ್ದು. ಪಕ್ಕದ ತಗಡಿನಲ್ಲಿ ಹುಲಿ ಕೆತ್ತಿದ್ದು ಉಂಟು, ಕಾಣುವುದಿಲ್ಲ.

"ನಮ್ಮ ಅಮ್ಮ ಪೂಜೆಗೆ ಅಂತ ಹುಣಸೆ ಹುಳಿ ಹಾಕಿ ತಿಕ್ಕಿದ್ದು ಮಾರಾಯ್ರೆ, ಕಾಲುದೀಪದ ಜೊತೆಗೆ! ಈಗ ಹುಲಿ ಹೋಗಿ ಬೆಕ್ಕೂ ಇಲ್ಲ."

ಪೊರ್ಬುಗಳು ನಕ್ಕರು. "ಖಾಲಿ ಉಂಟಲ್ಲ ಧಣಿ?"

"ಎಂತ ಪೊರ್ಬುಗಳೇ, ಈಡು ತುಂಬಿಸಿದ ಕೋವಿ ಹಿಡ್ಕೊಂಡು ಪೇಟೆಗೆ ಬರ್ತೇನಾ ನಾನು?"

ಸ್ಕ್ರೂ ತುಕ್ಕು ಹಿಡಿದು ತಗಡು ಬಿಚ್ಚಲು ಬರುವಂತಿರಲಿಲ್ಲ. ಇಡೀ ಕೋವಿಯನ್ನೇ ಬೆಂಕಿಗೆ ಹಿಡಿಯಬೇಕು. ನಾನು ಕೆಂಡ ಊದಿ ಕೈ ಚಾಚಿದೆ. ಪೊರ್ಬುಗಳು ಕೊಡಲಿಲ್ಲ. ಮದ್ದು ಜಡಿಯುವ ಸರಳನ್ನು ನಳಿಗೆಯೊಳಗೆ ಇಳಿಸಿದರು. ಸರಳು ತಳ ಮುಟ್ಟಲಿಲ್ಲ. ನಾಲ್ಕು ಬೆರಳಿನಷ್ಟು ಹೊರಗೇ ಉಳಿಯಿತು. ಒಳಗೆ ಈಡು ಕೂತಿತ್ತು.

ಧಣಿ ಒಂದು ಹೆಜ್ಜೆ ಹಿಂದೆ ಸರಿದರು. "ಪೂಜೆಯ ದಿನ ಆಯುಧದ ಹೊಟ್ಟೆ ಖಾಲಿ ಇರಬಾರದು ಅಂತ ಅಮ್ಮ ಹೇಳ್ತಾ ಇರ್ತಾರೆ... ಕೆಲಸದವನ ಹತ್ತಿರ ಹಾಕಿಸಿದ್ದೋ ಏನೋ..."

"ಹೊರಗೆ ನಡೀರಿ," ಎಂದರು ಪೊರ್ಬುಗಳು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಹೋಗು."

"ನಾನು ಹೋಗುವುದಿಲ್ಲ."

"ನಿನ್ನ ಹೆಂಡತಿಗೆ ನಾನು ಉತ್ತರ ಕೊಡಬೇಕಾ? ಹೋಗು ಮಾರಾಯ!"

ಕೆಂಡಕ್ಕೆ ನೀರು ಸುರಿದು ಅಲ್ಲೇ ನಿಂತೆ. ಮದ್ದು ನೆನೆಯಲಿ ಎಂದು ಅವರು ನಳಿಗೆಗೂ ನೀರು ಹೊಯ್ದರು. ಈಡನ್ನು ಕಚ್ಚಿ ಹೊರಗೆಳೆಯುವ ತಿರುಪನ್ನು ಸರಳಿನ ತುದಿಗೆ ಸಿಕ್ಕಿಸಿ ಮೆಲ್ಲ ಮೆಲ್ಲ ತಿರುಗಿಸಿದರು. ನಳಿಗೆಯ ಬಾಯಿಗೆ ಎದುರಾಗಿ ನನ್ನನ್ನು ನಿಲ್ಲಗೊಡಲಿಲ್ಲ, ಭುಜದಿಂದಲೇ ಹಿಂದಕ್ಕೆ ದೂಡಿದರು. ಹೊರಗೆ ಬಸ್ಸಿನವ ಹಾರ್ನ್ ಹೊಡೆದ. ಅವರ ಕೈ ನಿಂತು, ಮತ್ತೆ ತಿರುಗಿಸತೊಡಗಿತು. ಮೊದಲು ತೆಂಗಿನ ನಾರಿನ ಉಂಡೆ ಬಂತು. ಆಮೇಲೆ ಸೀಸದ ಚರೆ. ಕೊನೆಗೆ ಕೆಸರಿನ ಹಾಗೆ ಮದ್ದು.

ಪೊರ್ಬುಗಳು ಮುಖ ಒರೆಸಿಕೊಂಡು, "ಇನ್ನು ಕೆಂಡ ಮಾಡು," ಎಂದರು.

ತಗಡು ಬಿಸಿಯಾಯಿತು. ನಾನು ತಿಕ್ಕಿದ ಮಸಿ ಮಾತ್ರ ಗೆರೆ ಬಿಟ್ಟು ಆಚೀಚೆ ಹರಡಿತು. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು, ಹುಲಿಯ ಮೊದಲ ಪಟ್ಟೆ ತುಂಬುವ ತನಕ.

ಪೊರ್ಬುಗಳು ಈಗ ಇಲ್ಲ. ಲೈಸನ್ಸು ಅವರ ಹೆಸರಿನದ್ದು, ಅಂಗಡಿಯೂ ಮುಚ್ಚಿತು. ಕೋವಿಗೆ ಕಪ್ಪು ತುಂಬಿ ಕೊಡ್ತೀರಾ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ಆಗುವುದಿಲ್ಲ ಎನ್ನುತ್ತೇನೆ. ಕೆಲಸ ಮರೆತು ಹೋಯ್ತಾ ಎಂದರೆ ಸಿಟ್ಟು ಬರುತ್ತದೆ. ಮರೆತಿಲ್ಲ. ತಾನು ಒಳಗೆ ನಿಂತು ನನ್ನನ್ನು ಹೊರಗೆ ಓಡಿಸುವ ಜನ ಇಲ್ಲ, ಅಷ್ಟೇ.