ಕನ್ನಡಕ್ಕೆ ಬಾರದ ಎರಡು ಪುಟ

ಗೆಳೆಯರೇ, ತೂಕ ಇಳಿಸುವ ಆಪರೇಷನ್‌ಗೆ ನನ್ನ ತಂಗಿಯನ್ನು ಹೊರದೇಶದ ಆಸ್ಪತ್ರೆಗೆ ಕಳಿಸುತ್ತೇನೆಂದ ಏಜೆಂಟ್ ಇವತ್ತು ದೊಡ್ಡಬಳ್ಳಾಪುರದ ನಮ್ಮ ಮನೆಗೇ ಬಂದಿದ್ದ. ಸಹಿಗೆ ತಂದ ಕಾಗದಪತ್ರ ಇಂಗ್ಲಿಷಿನಲ್ಲಿ ಹನ್ನೊಂದು ಪುಟ, ಕನ್ನಡದಲ್ಲಿ ಒಂಬತ್ತು. ಅನುವಾದ ಓದುವಾಗ ಮೂಲವನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ನನ್ನ ಹಳೆಯ ಚಟ. ತಂಗಿ ಪೆನ್ನು ಹುಡುಕುವಷ್ಟರಲ್ಲಿ ತಾಳೆ ನೋಡಿದೆ. ಹೊಟ್ಟೆಯೊಳಗಿನ ಹೊಲಿಗೆ ಸೋರಿದರೆ ಏನಾಗುತ್ತದೆ, ಊರಿಗೆ ಮರಳಿದ ಮೇಲೆ ಯಾರು ಹೊಣೆ ಎಂಬ ಎರಡು ಪುಟ ಕನ್ನಡದಲ್ಲಿ ಇರಲೇ ಇಲ್ಲ.

“ಇದೆಲ್ಲಿ ಹೋಯ್ತು?” ಎಂದೆ.

“ಬೇಕಂತಲೇ ಬಿಟ್ವಿ ಮೇಡಂ. ಓದಿದ್ರೆ ನಮ್ಮ ಕಡೆ ಹೆಂಗಸ್ರು ಸುಮ್ನೆ ಹೆದರ್ಕೋತಾರೆ.”

ನೇಯ್ಗೆ ಕೆಲಸದಲ್ಲಿ ಮಗ್ಗಗಳ ಸದ್ದನ್ನೂ ಮೀರಿಸಿ ಮಾತಾಡಿ ಅಭ್ಯಾಸವಾದ ತಂಗಿ ಸುಮ್ಮನಿರಲಿಲ್ಲ. “ಏನಪ್ಪಾ, ಕೊಯ್ಯೋದು ನನ್ ಹೊಟ್ಟೆ. ಹೆದರ್ಬೇಕೋ ಬೇಡ್ವೋ ನಾನ್ ನೋಡ್ಕೋತೀನಿ,” ಎಂದು ಪೆನ್ನಿನ ಕ್ಯಾಪು ಮುಚ್ಚಿದಳು.

ಅವನು ನನ್ನ ಕಡೆ ತಿರುಗಿದ. “ಹಂಗಾದ್ರೆ ಆ ಎರಡು ಪುಟ ನೀವೇ ಕನ್ನಡ ಮಾಡ್ಕೊಟ್ಬಿಡಿ ಮೇಡಂ, ಸೇರಿಸ್ತೀವಿ.”

ಹೋಗುವುದೋ ಬೇಡವೋ ಎಂದು ತಂಗಿ ಇನ್ನೂ ತೀರ್ಮಾನಿಸಿಲ್ಲ. ಮೊದಲು ಇಲ್ಲಿನ ಡಾಕ್ಟರನ್ನು ಕೇಳುತ್ತಾಳಂತೆ. ಪ್ಯಾಕೇಜಿನಲ್ಲಿ ಪ್ರವಾಸವೂ ಸೇರಿದೆಯಂತೆ; ಆಪರೇಷನ್ ಆದ ನಾಲ್ಕನೇ ದಿನದ ದೋಣಿವಿಹಾರದ ಪುಟವನ್ನು ಮಾತ್ರ ಏಜೆಂಟ್ ಕಡೆಯವರು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದಿದ್ದಾರೆ, ಭರ್ಜರಿ ಊಟದ ಸಮೇತ.