ಬೊಡ್ಡೆಯ ಮೇಲೆ ನಿಂತ ಅಕ್ಕೋರು

ಕಳೆದ ವಾರ ಡೆಲ್ಫ್ಟ್‌ನ ನಮ್ಮ ಬೀದಿಯಲ್ಲಿ ಹಳೆಯ ಪಾಪ್ಲರ್ ಮರವೊಂದನ್ನು ಕಡಿದರು. ಒಳಗೆ ಟೊಳ್ಳಾಗಿತ್ತಂತೆ, ಗಾಳಿಗೆ ಬೀಳುವ ಭಯವಿತ್ತಂತೆ. ಸಂಜೆ ಸೈಕಲ್ ನಿಲ್ಲಿಸಲು ಹೋದಾಗ ಹಸಿ ಮರದ ಪುಡಿಯ ವಾಸನೆ ಮೂಗಿಗೆ ಬಡಿಯಿತು. ತುಸು ಹುಳಿ, ತುಸು ಸಿಹಿ... ತರಕಾರಿ ಚೀಲ ಹಿಡಿದುಕೊಂಡೇ ನಿಂತುಬಿಟ್ಟೆ. ಆಮ್‌ಸ್ಟರ್‌ಡ್ಯಾಮಿನ ಅಂಚಿನ ಆ ಸಣ್ಣ ಊರು, ಅಲ್ಲಿನ ನಮ್ಮ ಅಪಾರ್ಟ್‌ಮೆಂಟು, ಮೇಲಿನ ಮಹಡಿಯ ಅಕ್ಕೋರು ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು.

ಅಕ್ಕೋರು ಧಾರವಾಡದವರು. ಆ ಕಡೆ ಪಾಠ ಹೇಳುವ ಹೆಂಗಸರನ್ನು ಹಾಗೆಯೇ ಕರೆಯುತ್ತಾರೆ. ಅವರ ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಕರೆಯುವುದನ್ನು ಕೇಳಿ ಮೈಸೂರಿನ ನನ್ನ ಬಾಯಿಗೂ ಅದೇ ಹೆಸರು ಹತ್ತಿತು. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದವರು ಐವತ್ತು ದಾಟಿದ ಮೇಲೆ ಸಂಶೋಧನೆಗೆಂದು ಒಬ್ಬರೇ ಹೊರಟು ಬಂದಿದ್ದರು. ಅವರ ವಿಷಯ ನನಗೆ ವಿಚಿತ್ರವಾಗಿ ಕಂಡಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಲೆಂಡಿನಿಂದ ಹಡಗು ಹತ್ತಿ ಹೋಗಿ, ಅಮೆರಿಕದಲ್ಲಿ ಆಗಷ್ಟೇ ಕಾಡು ಕಡಿದು ಊರು ಕಟ್ಟುತ್ತಿದ್ದ ಅಂಚಿನ ನಾಡಿನಲ್ಲಿ ನೆಲೆಸಿ, ಅಲ್ಲಿ ರಾಜಕಾರಣಿಗಳಾದವರ ಬದುಕು! ಧಾರವಾಡದ ಹೆಂಗಸು ಹಾಲೆಂಡಿನಲ್ಲಿ ಕೂತು ಅಮೆರಿಕದವರ ಕಥೆ ಬರೆಯುವುದೆಂದರೆ ನಗು ಬರುತ್ತಿತ್ತು.

ಆದರೆ ಅವರು ಹೇಳತೊಡಗಿದರೆ ನಗು ನಿಲ್ಲುತ್ತಿತ್ತು. ಒಗ್ಗರಣೆ ಹಾಕಿದ ಚುರುಮುರಿಯ ಬಟ್ಟಲನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು ಶುರುಮಾಡುತ್ತಿದ್ದರು. ಕುದುರೆಗೆ ಲಾಳ ಹೊಡೆಯುತ್ತಲೇ ಗಿರಾಕಿಗಳ ಜೊತೆ ವಾದ ಮಾಡಿ ಮಾಡಿ ಶಾಸನಸಭೆಗೆ ಹೋದ ಕಮ್ಮಾರ. ಹೆಂಡದಂಗಡಿಯ ಮೇಲಿನ ಕೋಣೆಯಲ್ಲಿ ಸಭೆ ನಡೆಸುತ್ತ, ಕೆಳಗಿನ ಹಂದಿಗಳ ಗದ್ದಲಕ್ಕೆ ಕಿಟಕಿ ಮುಚ್ಚಿಸುತ್ತಿದ್ದ ಸದಸ್ಯರು. ಶಾಲೆ ಕಟ್ಟುವ ಮಸೂದೆಗೆ ಕೈ ಎತ್ತಲೇಬೇಕೆಂದು, ಉಕ್ಕುವ ಹೊಳೆಯನ್ನು ಈಜಿ ದಾಟಿ, ಒದ್ದೆ ಬಟ್ಟೆಯಲ್ಲೇ ಬಂದು ಕೂತ ಒಬ್ಬ. ಮತ ಕೇಳುವ ಮುಂಚೆ ಹೊಲಕ್ಕಿಳಿದು ರೈತನ ಜೊತೆ ಒಂದು ಸಾಲು ಕೊಯ್ದು ಕೊಡುತ್ತಿದ್ದವರು. ವೇದಿಕೆ ಎಲ್ಲಿಂದ ಬರಬೇಕು? ಕಾಡು ಕಡಿದ ಜಾಗದಲ್ಲಿ ಮರದ ಬೊಡ್ಡೆ ಹತ್ತಿ ನಿಂತು ಭಾಷಣ.

ಒಂದು ದಿನ ನಾನು, "ಎಂಥ ಧೈರ್ಯ ಅಲ್ವಾ ಅಕ್ಕೋರೆ ಅವರದ್ದು!" ಎಂದೆ.

"ಧೈರ್ಯ ಖರೇನ," ಎಂದರು. "ಆದ್ರ ಅವರು ನಿಂತಿದ್ದ ನೆಲ ಯಾರದಿತ್ತು ಅಂತನೂ ಕೇಳಬೇಕು ತಂಗಿ. ಅಲ್ಲೇ ಹುಟ್ಟಿ ಬೆಳೆದ ಮಂದೀನ್ನ ಹೊರಗ ಹಾಕಿದ್ರು. ಅವರಿಗೆ ಒಂದು ಮಾತು ಹೇಳಲಿಕ್ಕೂ ಜಾಗಾ ಕೊಡಲಿಲ್ಲ."

ಹಾಗೆಂದು ಚುರುಮುರಿಯ ಬಟ್ಟಲನ್ನು ನನ್ನ ಕಡೆ ಸರಿಸಿದರು.

ನಮ್ಮ ಕಟ್ಟಡದ ಎದುರಿಗೆ ಒಂದು ಬ್ಯೂರ್ಟ್‌ಹೌಸ್ ಇತ್ತು, ಅಂದರೆ ಬಡಾವಣೆಯವರೆಲ್ಲ ಸೇರುವ ಮನೆ. ಅಲ್ಲಿಯೇ ನಾನು ಡಚ್ ಕಲಿತದ್ದು. ಗಂಡನ ಕೆಲಸದ ವೀಸಾದ ಬೆನ್ನಿಗೆ ಬಂದ ನನಗೆ ದಿನದಲ್ಲಿ ನಾಲ್ಕು ಮಾತಾಡಲು ಇದ್ದ ಜಾಗ ಅದೊಂದೇ. ಒಂಟಿ ಮುದುಕರು ಬುಧವಾರ ಅಲ್ಲಿ ಒಟ್ಟಿಗೆ ಊಟ ಮಾಡುತ್ತಿದ್ದರು. ಅದನ್ನು ಮುಚ್ಚಿ ಜಾಗ ಮಾರುತ್ತಾರೆ ಎಂಬ ಸುದ್ದಿ ಬಂದಾಗ ನಾವೆಲ್ಲ ಗೊಣಗಿದೆವು, ಅಷ್ಟೆ. ಅಕ್ಕೋರು ಮಾತ್ರ ಗೊಣಗಲಿಲ್ಲ. "ಮುನಿಸಿಪಲ್ ಎಲೆಕ್ಷನ್‌ಗೆ ನಿಲ್ತೀನಿ," ಎಂದರು.

ನಾನು ತಮಾಷೆ ಎಂದುಕೊಂಡೆ. ಆದರೆ ಇಲ್ಲಿನ ಕಾನೂನು ಹಾಗಿದೆ. ಐದು ವರ್ಷ ನೆಲೆಸಿದವರು ಯಾವ ದೇಶದ ಪಾಸ್‌ಪೋರ್ಟ್ ಹಿಡಿದಿದ್ದರೂ ಊರಿನ ಕೌನ್ಸಿಲ್‌ಗೆ ಮತ ಹಾಕಬಹುದು, ಸ್ಪರ್ಧಿಸಲೂಬಹುದು. ಅಕ್ಕೋರಿಗೆ ಆ ಐದು ವರ್ಷ ಆಗಲೇ ತುಂಬಿತ್ತು. ಊರಿನದೇ ಒಂದು ಪುಟ್ಟ ಪಕ್ಷ ಅವರ ಹೆಸರನ್ನು ತನ್ನ ಪಟ್ಟಿಯ ಕೊನೆಗೆ ಸೇರಿಸಿಕೊಂಡಿತು. ಕೊನೆಯ ಹೆಸರು ಗೆಲ್ಲಲೆಂದು ಇರುವುದಲ್ಲ, ಪಟ್ಟಿಗೆ ಶೋಭೆ ತರಲೆಂದು ಇರುವುದು. ಆದರೂ ಸಾಕಷ್ಟು ಜನ ಪಕ್ಷದ ಮೊದಲ ಹೆಸರನ್ನು ಬಿಟ್ಟು ಆ ಹೆಸರನ್ನೇ ಹುಡುಕಿ ಗುರುತು ಹಾಕಿದರೆ ಕೊನೆಯವರೂ ಗೆಲ್ಲುತ್ತಾರೆ.

"ಮೊದಲ ಕೆಲಸ, ಆಮ್ಯಾಲೆ ಮಾತು," ಎನ್ನುತ್ತ ಅಕ್ಕೋರು ಬುಧವಾರದ ಅಡುಗೆಮನೆಗೆ ಆಲೂಗಡ್ಡೆ ಸುಲಿಯಲು ಹೋದರು. ಲಿಫ್ಟ್ ಕೆಟ್ಟ ದಿನ ಮುದುಕರ ಚೀಲ ಹೊತ್ತರು. ಬಾಗಿಲು ಬಾಗಿಲಿಗೆ ಹೋದಾಗ ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು. ಎಷ್ಟೋ ಬಾಗಿಲುಗಳು ಮುಖದ ಮೇಲೆಯೇ ಮುಚ್ಚಿಕೊಂಡವು. "ಮುಂದಿನ ಮನಿ ನಡಿ," ಎನ್ನುತ್ತಿದ್ದರು.

ಚುನಾವಣೆಗೆ ಮುಂಚಿನ ಶನಿವಾರ ಬ್ಯೂರ್ಟ್‌ಹೌಸಿನ ಎದುರು ಜನ ಸೇರಿದ್ದರು. ಆ ಚಳಿಗಾಲದ ಬಿರುಗಾಳಿಗೆ ಅಲ್ಲೊಂದು ದೊಡ್ಡ ಮರ ಉರುಳಿ, ಕತ್ತರಿಸಿ ಒಯ್ದ ಮೇಲೆ ಅಗಲವಾದ ಬೊಡ್ಡೆ ಉಳಿದಿತ್ತು. ಯಾರೋ ಕುರ್ಚಿ ತರಲು ಓಡಿದರು. ಕುಳ್ಳಗಿದ್ದ ಅಕ್ಕೋರು ಕಾಯಲಿಲ್ಲ. ಇಳಕಲ್ ಸೀರೆಯ ನಿರಿಗೆ ಎತ್ತಿ ಹಿಡಿದು, ದಪ್ಪ ಕೋಟಿನೊಂದಿಗೆ ಬೊಡ್ಡೆ ಹತ್ತಿಯೇಬಿಟ್ಟರು. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಅವರು ಬಾಯಿ ತೆರೆಯುವ ಮುಂಚೆಯೇ ಕೆಳಗಿನ ಮಹಡಿಯ ಅಜ್ಜ ಕೈ ಎತ್ತಿದ. ನಿವೃತ್ತ ಟ್ರಾಮ್ ಚಾಲಕ. ನಮ್ಮ ಇಂಗಿನ ವಾಸನೆಯ ಬಗ್ಗೆ ಹಲವು ಸಲ ದೂರಿದವನು. "ಇದು ನಿಮ್ಮ ಊರಲ್ಲ," ಎಂದ, ಡಚ್‌ನಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಹೊರಗಿನಿಂದ ಬಂದವರು ನೀವು. ನಮ್ಮ ಪರವಾಗಿ ಮಾತಾಡಲು ನೀವು ಯಾರು?"

ಜನ ನೆಲ ನೋಡತೊಡಗಿದರು. ಅಕ್ಕೋರು ನಿಧಾನವಾಗಿ, ವ್ಯಾಕರಣ ಅಲ್ಲಲ್ಲಿ ಎಡವುವ ತಮ್ಮ ಡಚ್‌ನಲ್ಲಿ ಉತ್ತರ ಕೊಟ್ಟರು.

"ನಿಮ್ಮ ಪ್ರಶ್ನೆ ಸರಿಯಾಗಿದೆ. ಈ ದೇಶದಿಂದ ಅಮೆರಿಕಕ್ಕೆ ಹೋದವರ ಕಥೆಯನ್ನು ನಾನು ವರ್ಷಗಟ್ಟಲೆ ಓದಿದ್ದೇನೆ. ಅವರೂ ಹೊರಗಿನಿಂದ ಹೋದವರೇ. ಹೋಗಿ ಶಾಸನಸಭೆ ಕಟ್ಟಿದರು, ಆದರೆ ಮೊದಲೇ ಅಲ್ಲಿದ್ದವರಿಗೆ ಒಂದು ಕುರ್ಚಿಯನ್ನೂ ಕೊಡಲಿಲ್ಲ. ನೀವು ಮೊದಲಿಂದ ಇಲ್ಲಿದ್ದವರು. ಹೊಸಬಳಾದ ನನಗೆ ನಿಲ್ಲಲು ಜಾಗ ಕೊಟ್ಟಿದ್ದೀರಿ. ನಿಮ್ಮನ್ನು ಬದಿಗೆ ಸರಿಸಲು ನಾನು ಬಂದಿಲ್ಲ. ಬುಧವಾರ ನೀವು ಊಟಕ್ಕೆ ಕೂರುವ ಮೇಜು ಉಳಿಯಬೇಕು, ಅದೇ ಮೇಜಿನ ಒಂದು ತುದಿ ನನಗೂ ಬೇಕು. ಅಷ್ಟಕ್ಕೇ ನಿಂತಿದ್ದೇನೆ."

ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ. ಕೆಳಗಿಳಿಯುವಾಗ ಅಕ್ಕೋರು ನನ್ನ ತೋಳು ಗಟ್ಟಿಯಾಗಿ ಹಿಡಿದು, "ಕೈ ಬಿಡಬ್ಯಾಡ ತಂಗಿ," ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಆ ಅಜ್ಜ ಎದುರಿಗೆ ಬಂದು ನಿಂತ. "ನೀವು ಆಲೂಗಡ್ಡೆ ಸಿಪ್ಪೆಯನ್ನು ತುಂಬಾ ದಪ್ಪಗೆ ತೆಗೆಯುತ್ತೀರಿ," ಎಂದ. ಮತ್ತೆ ನನ್ನ ಕೈಯಲ್ಲಿದ್ದ ಕರಪತ್ರಗಳಲ್ಲಿ ಅರ್ಧದಷ್ಟು ತೆಗೆದುಕೊಂಡು, ತನ್ನ ಹಳೆಯ ಟ್ರಾಮ್ ಗೆಳೆಯರಿಗೆ ಹಂಚಲು ಹೊರಟ.

ಫಲಿತಾಂಶದ ದಿನ ಮಧ್ಯಾಹ್ನ ನಾವೆಲ್ಲ ಬ್ಯೂರ್ಟ್‌ಹೌಸಿನಲ್ಲೇ ಕಾಯುತ್ತಿದ್ದೆವು. ಅಕ್ಕೋರ ಫೋನ್ ಹೊಡೆದುಕೊಂಡಿತು. ಕೇಳಿಸಿಕೊಂಡರು, "ಹೌದು, ಹೌದು" ಎಂದರು, ಕುರ್ಚಿಯಲ್ಲಿ ಕುಸಿದು ಕೂತರು. ಪಟ್ಟಿಯ ಕೊನೆಯ ಹೆಸರನ್ನು ಜನ ಹುಡುಕಿ ಹುಡುಕಿ ಗುರುತು ಹಾಕಿದ್ದರು! ಕನ್ನಡದಲ್ಲಿ ಏನು ಕೇಳಿದರೂ ಡಚ್‌ನಲ್ಲೇ ಉತ್ತರಿಸುತ್ತಿದ್ದ ನನ್ನ ಮಗಳು ಮೇಜಿನ ಮೇಲೆ ಹತ್ತಿ, "ಅಕ್ಕೋರು ಗೆದ್ರು! ನಮ್ಮ ಅಕ್ಕೋರು ಗೆದ್ರು!" ಎಂದು ಕೂಗಿದಳು. ಅಜ್ಜ ಎಲ್ಲರೆದುರೇ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. ಅಡುಗೆಮನೆಯಲ್ಲಿದ್ದವರು ಪಾತ್ರೆ ಬಡಿದರು.

ಕೌನ್ಸಿಲ್ ಸಭಾಂಗಣದಲ್ಲಿ ಅಕ್ಕೋರು ಪ್ರಮಾಣವಚನದ ಡಚ್ ಮಾತುಗಳನ್ನು ಧಾರವಾಡದ ಎಳೆತದಲ್ಲೇ ಹೇಳಿದರು. ಬ್ಯೂರ್ಟ್‌ಹೌಸಿನ ವಿಷಯ ಮತಕ್ಕೆ ಬರುವ ಮುಂಚೆ ಉಳಿದ ಸದಸ್ಯರನ್ನೆಲ್ಲ ಒಂದು ಬುಧವಾರ ಊಟಕ್ಕೆ ಕರೆದು, ಒಬ್ಬೊಬ್ಬರನ್ನೂ ಒಬ್ಬೊಬ್ಬ ಮುದುಕರ ಪಕ್ಕ ಕೂರಿಸಿದರು. ತಾವು ಏನೂ ಮಾತಾಡಲಿಲ್ಲ, ಬಡಿಸಿದರು. ಮತದ ದಿನ ನಾವು ಪ್ರೇಕ್ಷಕರ ಸಾಲಿನಲ್ಲಿದ್ದೆವು. ಒಂದೊಂದೇ ಕೈ ಮೇಲೇಳುತ್ತ ಹೋದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬ್ಯೂರ್ಟ್‌ಹೌಸ್ ಉಳಿಯಿತು.

ಆಮೇಲೆ ನಾವು ಡೆಲ್ಫ್ಟ್‌ಗೆ ಬಂದೆವು. ಅಕ್ಕೋರು ತಮ್ಮ ಅವಧಿ ಮುಗಿಸಿ ಧಾರವಾಡದ ತಂಗಿಯ ಮನೆಗೆ ಮರಳಿದರು. ಕಾಯಿಲೆಯ ವಿಷಯ ಫೋನಿನಲ್ಲಿ ಹೇಳಲೇ ಇಲ್ಲ. ಸುದ್ದಿ ಬಂದಾಗ ಎಲ್ಲ ಮುಗಿದಿತ್ತು...

ಮರದ ವಾಸನೆ ಮನಸ್ಸಿನಿಂದ ಹೋಗಲೇ ಇಲ್ಲ. ಈ ಬುಧವಾರ ರೈಲು ಹತ್ತಿ ಆ ಊರಿಗೆ ಹೋದೆ. ಟ್ರಾಮ್ ಅಜ್ಜನೂ ಈಗಿಲ್ಲ. ಬ್ಯೂರ್ಟ್‌ಹೌಸಿನಲ್ಲಿ ಕೂರಲು ಜಾಗವಿಲ್ಲದಷ್ಟು ಜನ. ಗೋಡೆಯ ಮೇಲೆ ಅಕ್ಕೋರ ಫೋಟೋ ಇರಲಿಲ್ಲ, ಕೇಳಿದವರಲ್ಲಿ ಯಾರಿಗೂ ಅವರು ಗೊತ್ತಿರಲಿಲ್ಲ. ಸಿರಿಯಾದಿಂದ ಬಂದ ಎಳೆಯ ಹೆಂಗಸೊಬ್ಬಳು ಪಕ್ಕಕ್ಕೆ ಸರಿದು ನನಗೆ ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು. "ಮೊದಲ ಸಲ ಬಂದಿದ್ದೀರಾ?" ಎಂದು ಡಚ್‌ನಲ್ಲಿ ಕೇಳಿದಳು. "ಸಂಕೋಚ ಬೇಡ. ಇದು ನಮ್ಮದೇ ಜಾಗ."

ನಾನು ತಲೆಯಾಡಿಸಿ ಅವಳ ಪಕ್ಕ ಕೂತೆ. ಅಕ್ಕೋರು ಇದನ್ನು ಕೇಳಿಸಿಕೊಳ್ಳಬೇಕಿತ್ತು.