ಪಾವಟಿಗೆ ಇದ್ದ ಸಮುದ್ರ

ಅಣ್ಣಿಗೇರಿಯ ಸುತ್ತಮುತ್ತ ಯಾರ ಮನೆಗಾದರೂ ಹೋಗಿ ಎಂಬತ್ತರ ದಶಕದ ಮದುವೆ ಫೋಟೋ ನೋಡಿ. ಹಿಂದೆ ಸಮುದ್ರ, ಮುಂದೆ ಮದುಮಕ್ಕಳು, ಮೈತುಂಬ ಜರಿ, ಕಾಲಲ್ಲಿ ಮಾತ್ರ ಏನೂ ಇಲ್ಲ. ಬಡತನದ ಮಾತಲ್ಲ. ಒಬ್ಬ ಮದುಮಗನಂತೂ ಮಾವ ಕೊಡಿಸಿದ ಹೊಸ ಬೂಟು ಎರಡನ್ನೂ ಎದೆಗೊತ್ತಿಕೊಂಡು, ಸನ್ಮಾನದ ತೆಂಗಿನಕಾಯಿ ಹಿಡಿದವನ ಗತ್ತಿನಲ್ಲಿ ನಿಂತಿದ್ದಾನೆ. ಇದಕ್ಕೆಲ್ಲ ಕಾರಣ ನಾನು. ಆ ಸಮುದ್ರ ಬರೆದವನು ನಾನೇ.

ಪಟ್ಟಣದ ಚಿತ್ರಕಲಾ ಶಾಲೆಯಲ್ಲಿ ಕಲಿತು ಊರಿಗೆ ಮರಳಿದಾಗ ನನ್ನ ಬಳಿ ಉದ್ದ ಕೂದಲು, ಹೆಗಲಚೀಲ ಮತ್ತು ಯಾರೂ ಕೇಳದ ಅಭಿಪ್ರಾಯಗಳು ಸಾಕಷ್ಟಿದ್ದವು. ಕೆಲಸ ಇರಲಿಲ್ಲ. ಅಂಗಡಿಗಳ ಬೋರ್ಡು, ಗೋಡೆಯ ಮೇಲೆ ಗೊಬ್ಬರದ ಜಾಹೀರಾತು, ಕಾರಹುಣ್ಣಿಮೆಗೆ ಎತ್ತಿನ ಕೋಡು, ಇಷ್ಟಕ್ಕೆ ನನ್ನ ಕಲೆ ಮುಗಿಯುತ್ತಿತ್ತು. ಅಪ್ಪನದು ಮೆಣಸಿನಕಾಯಿ, ಹತ್ತಿಯ ದಲಾಲಿ ಮಾಡುವ ಅಡತಿ ಅಂಗಡಿ. ಗಾದಿಯ ಮೇಲೆ ತನ್ನ ಪಕ್ಕದಲ್ಲಿ ನನಗೊಂದು ಜಾಗ ತೆರವು ಮಾಡಿ, ಒರಗಲು ಲೋಡು ಬೇರೆ ಇಟ್ಟು ಕಾಯುತ್ತಿದ್ದ.

“ಬಣ್ಣಾ ಬಳಕೋತ ತಿರಗೂದು ಸಾಕಲೇ,” ಅಂದ ಒಂದು ದಿನ. “ಮುಂದಿನ ಸುಗ್ಗಿತನಕ ನೋಡ್ತೀನಿ. ಇದು ಚಿತ್ರ ಅಂತ ನನ್ನ ಕಣ್ಣಿಗೆ ಕಂಡ್ರ ನಿನ್ನ ದಾರಿ ನಿಂದು. ಇಲ್ಲಂದ್ರ ಬಾಯಿ ಮುಚಗೊಂಡು ಬಂದು ಇಲ್ಲೆ ಕೂಡು.”

ಆ ಗಾದಿಯ ಮೇಲೆ ಕೂತವರು ಘಾಟಿಗೆ ಸೀನಿ ಸೀನಿ ಮುದುಕರಾದದ್ದನ್ನು ಕಂಡವನು ನಾನು. ಅಲ್ಲಿ ಒಮ್ಮೆ ಕೂತರೆ ಕುಂಚದ ಕಥೆ ಮುಗಿಯಿತು. ನಿದ್ದೆಯಲ್ಲೂ ಆ ಲೋಡು ಕಾಣುತ್ತಿತ್ತು.

ಅಷ್ಟರಲ್ಲಿ ಸ್ಟೇಷನ್ ರಸ್ತೆಯ ಫೋಟೋ ಸ್ಟುಡಿಯೋ ಮಾಲಕರು ಕರೆಸಿದರು. ಅವರ ಹಳೆಯ ಪರದೆಯಲ್ಲಿದ್ದ ಅರಮನೆಯನ್ನು ಇಲಿಗಳು ಕಂಬಸಮೇತ ತಿಂದುಹಾಕಿದ್ದವು.

“ಹುಬ್ಬಳ್ಳಿ ಸ್ಟುಡಿಯೋದಾಗ ಸಮುದ್ರ ಐತ್ಯಂತ. ನಮಗೂ ಒಂದು ಬೇಕು ನೋಡಪಾ. ನೀ ಸಮುದ್ರ ನೋಡೀಯೇನು?”

“ಇಲ್ರಿ.”

“ಚಿಂತಿ ಬ್ಯಾಡ. ಫೋಟೋ ತಗಸಾಕ ಬರೋರಾದ್ರೂ ಎಲ್ಲಿ ನೋಡ್ಯಾರ?”

ಅದು ನಿಜ. ಗೋಕರ್ಣಕ್ಕೆ ಹೋಗಿಬಂದ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋಗಿ, ಸಮುದ್ರ ಹೇಗಿರುತ್ತದೆ ಎಂದು ಕೇಳಿದೆ. ಅವರು ಬಹಳ ಹೊತ್ತು ಕಣ್ಣು ಮುಚ್ಚಿ ನೆನಪಿಸಿಕೊಂಡು, “ಬಾಳ ನೀರಪಾ,” ಎಂದರು. ಅಷ್ಟನ್ನು ಕಟ್ಟಿಕೊಂಡು ಕೆಲಸ ಶುರುಮಾಡಿದೆ. ಮಾದರಪಾಟ ಬಟ್ಟೆಗೆ ಸರೇಸಿನ ಅಂಟು ಬಳಿದೆ. ಬಟ್ಟೆಗೆ ಹಾಕುವ ನೀಲಿಯನ್ನು ಬಿಳಿ ಸಫೇದಾದಲ್ಲಿ ಕಲಸಿದೆ. ಅಲೆ ಬೇಕಲ್ಲ, ಗಾಳಿಗೆ ಬಾಗುವ ಗೋಧಿ ಹೊಲದ ಮುಂದೆ ಕೂತು ಅಲೆ ಬರೆದೆ. ಕೊನೆಗೆ ದಂಡೆಗೆ ಬಂದೆ. ನೀರು ಅಂದಮೇಲೆ ಇಳಿಯುವುದಕ್ಕೆ ದಾರಿ ಬೇಡವೇ? ಹಿಂದುಮುಂದು ನೋಡದೆ, ನಮ್ಮ ಕೆರೆಗೆ ಇರುವಂಥ ಪಾವಟಿಗೆ, ಅಂದರೆ ಕಲ್ಲಿನ ಮೆಟ್ಟಿಲು, ಸಾಲಾಗಿ ಇಳಿಸಿಬಿಟ್ಟೆ.

ನಮ್ಮ ಕಡೆ ಭಾವಿ ತೋಡಿದರೆ ಬರುವುದು ಸವಳು ನೀರು. ಎಮ್ಮೆ ಕೂಡ ಮೂತಿ ತಿರುವುತ್ತದೆ. ಕುಡಿಯುವುದಕ್ಕೆ ಕೆರೆಯ ಸಿಹಿನೀರೇ ಗತಿ. ಹಾಗಾಗಿ ಪಾವಟಿಗೆಯ ಹತ್ತಿರ ಹೋದವರು ಎಷ್ಟೇ ದೊಡ್ಡ ಮನುಷ್ಯರಿರಲಿ, ಚಪ್ಪಲಿಯನ್ನು ದೂರದಲ್ಲೇ ಬಿಡಬೇಕು. ಬಿಡದೆ ಬಂದವನಿಗೆ ಕೊಡ ಹೊತ್ತ ಹೆಣ್ಣುಮಕ್ಕಳು ಮಾಡುವ ಮಂಗಳಾರತಿಯನ್ನು ಇಲ್ಲಿ ಬರೆಯಲಾರೆ.

ಪರದೆ ಕಟ್ಟಿದ ಮೊದಲ ದಿನವೇ ಬಂದ ಮದುಮಗಳು ಅದನ್ನು ನೋಡಿದಳು, ಚಪ್ಪಲಿ ಬಿಟ್ಟಳು, ಹೋಗಿ ನಿಂತಳು. ಯಾರೂ ಹೇಳಿರಲಿಲ್ಲ. ಆಮೇಲೆ ಬಂದವರೆಲ್ಲ ಹಾಗೆಯೇ. ಮುದುಕಿಯರು ಪರದೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬೂಟಿನವನನ್ನಂತೂ ಮಾಲಕರು ಎಷ್ಟು ಬೇಡಿಕೊಂಡರೂ ಅವನು ಬೂಟು ಹಾಕಿಕೊಂಡು ನೀರಿನ ಹತ್ತಿರ ನಿಲ್ಲಲು ಒಪ್ಪಲಿಲ್ಲ. ಮಾವನಿಗೆ ಬೇಸರವಾಗಬಾರದೆಂದು ಕೈಯಲ್ಲಿ ಹಿಡಿದ. ನನಗೆ ‘ಸಮುದ್ರದ ಪೇಂಟರ್’ ಎಂಬ ಹೆಸರು ಬಂತು. ಗುಡಗೇರಿ ಸಂತೆಯಲ್ಲಿ ಚಹಾ ಕುಡಿದರೆ ಅಂಗಡಿಯವರು ಕಪ್ಪನ್ನು ಬಟ್ಟೆಯಿಂದ ಒರೆಸಿ ಕೊಡುವಷ್ಟು ದೊಡ್ಡ ಕಲಾವಿದನಾದೆ. ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನೆಲಕ್ಕೆ ಇಳಿಸಿದವರು ಚಿತ್ರಕಲಾ ಶಾಲೆಯ ನಮ್ಮ ಮಾಸ್ತರರು. ನೆಂಟರ ಮದುವೆಗೆಂದು ಬಂದವರನ್ನು ನಾನೇ ಮೆರೆಯಲು ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ. ಪರದೆ ನೋಡಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಸಮುದ್ರಕ್ಕ ಪಾವಟಿಗಿ! ಕೊಡಾ ಎಲ್ಲಿ ಅದಾವೋ? ಎಮ್ಮಿ ಮೈ ತೊಳ್ಯಾವ ಎಲ್ಲಿ ಹ್ವಾದ?”

ಮೈಯೆಲ್ಲ ಉರಿದುಹೋಯಿತು. ಮರುದಿನವೇ ಕಾರವಾರದ ಬಸ್ಸು ಹತ್ತಿದೆ.

ಸಮುದ್ರ ಕಂಡಾಗ ನನಗೆ ಅಳು ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಿಂತಲ್ಲೇ ಅತ್ತೆ. ಅಷ್ಟು ದೊಡ್ಡದು, ಅಷ್ಟು ಖಾಲಿ. ನನ್ನ ಬಟ್ಟೆ-ನೀಲಿ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಬೂದು, ಹಸಿರು, ದಂಡೆಯಲ್ಲಿ ಕೆಸರು. ಪೆನ್ಸಿಲ್ ಹಾಳೆಗೆ ಮುಟ್ಟುವುದರೊಳಗೆ ಅಲೆ ಮುಗಿದು ಹೋಗುತ್ತಿತ್ತು, ಮುಂದಿನದು ಬೇರೆಯದೇ ಆಗಿರುತ್ತಿತ್ತು. ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡೆ. ಥೂ! ನಮ್ಮ ಸವಳು ಭಾವಿಗೆ ಅಜ್ಜ! ಇಂಥ ನೀರಿಗೆ ನಮ್ಮೂರ ಮುದುಕಿಯರಿಂದ ನಮಸ್ಕಾರ ಮಾಡಿಸಿದ್ದೆನಲ್ಲ ಎಂದು ಅಳುವಿನ ನಡುವೆ ನಗುವೂ ಬಂತು. ತಿರುಗಿ ನೋಡಿದರೆ ನನ್ನ ಚಪ್ಪಲಿಯಲ್ಲೊಂದನ್ನು ನಾಯಿ ಎಳೆದುಕೊಂಡು ಹೋಗುತ್ತಿತ್ತು. ರಸ್ತೆಯ ಪಕ್ಕದಲ್ಲಿ, ಅಷ್ಟು ದೂರದಲ್ಲಿ, ಯಾವಾಗ ಬಿಟ್ಟೆನೋ ನನಗೇ ಗೊತ್ತಿಲ್ಲ. ಬರಿಗಾಲಲ್ಲಿ ಊರಿಗೆ ಬಂದೆ.

ಬಂದವನೇ ಹಳೆಯ ಸಮುದ್ರದ ಮೇಲೆ ಸಫೇದಾ ಬಳಿದು, ನಿಜವಾದ ಸಮುದ್ರ ಬರೆದೆ. ಬೂದು ನೀರು, ಒದ್ದೆ ಮರಳು, ಮೇಲೆ ಬಿಳಿಚಿದ ಆಕಾಶ. ಬಣ್ಣದ ಮೇಲೆ ಬಣ್ಣ ತೆಳುವಾಗಿ ಎಳೆದು, ಒಣಗಿಸಿ, ಮತ್ತೆ ಎಳೆದು, ಊಟ ತಿಂಡಿ ಮರೆತು ಮಾಡಿದ ಕೆಲಸ. ಮಾಸ್ತರರು ನೋಡಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ನಮ್ಮ ಜನರದು ಬೇರೆ ಲೆಕ್ಕ. ಮದುವೆಯ ದಿಬ್ಬಣವೊಂದು ಬಂತು. ಮದುಮಗಳ ಅಜ್ಜಿ ಪರದೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏನ್ರೀ ಇದು, ಇಳ್ಯಾಕ ಜಾಗಾ ಇಲ್ಲ, ಹತ್ತಾಕ ಜಾಗಾ ಇಲ್ಲ? ನನ್ನ ಮೊಮ್ಮಗಳನ್ನ ಎಲ್ಲಿ ನಿಂದ್ರಸೋರು?”

ಕೊನೆಗೆ ನಿಂತರು. ಎಲ್ಲರೂ ಬೂಟು ಚಪ್ಪಲಿ ಹಾಕಿಕೊಂಡೇ ನಿಂತರು. ಮದುಮಗನ ಅಣ್ಣ ನನ್ನ ಮರಳಿಗೆ ಒರಗಿ ಅಡಿಕೆ ಉಗುಳಿದ. ಯಾರೂ ಅದನ್ನು ನೀರೆಂದು ನಂಬಲಿಲ್ಲ. ಮಾಸ್ತರರ ನಗುವಿಗೆ ಸಿಟ್ಟು ಬಂದಿತ್ತು, ಈ ಬೂಟುಗಳನ್ನು ನೋಡಿ ಎದೆ ಒಡೆಯಿತು.

ಸುಗ್ಗಿ ಹತ್ತಿರ ಬಂದಿತ್ತು. ಒಪ್ಪಂದದ ಪ್ರಕಾರ ಅಪ್ಪ ಪರೀಕ್ಷೆಗೆ ಬಂದ. ಚಪ್ಪಲಿ ಕರಕರ ಅನ್ನಿಸುತ್ತ ಪರದೆಯ ತೀರ ಹತ್ತಿರ ಹೋಗಿ ಬಗ್ಗಿ ನೋಡಿದ.

“ಯಾರದಲೇ ಈ ಬೀಳು ಹೊಲ?”

“ಅಪ್ಪಾ, ಅದು ಸಮುದ್ರ.”

“ಹಂಗೇನು?” ಅಂದ. ಮತ್ತೊಮ್ಮೆ ನೋಡಿದ. “ಐತವಾರ ನಿಮ್ಮವ್ವನ್ನ ಕರಕೊಂಡು ಬರ್ತೀನಿ, ಜೋಡಿ ಫೋಟೋಕ್ಕ. ಸೋಮವಾರದಿಂದ ಅಂಗಡಿಗಿ ಬಾ.”

ಅವನ ಹಿಂದೆಯೇ ಮಾಲಕರೂ ಶುರುಮಾಡಿದರು. “ಪಾವಟಿಗಿ ಬರೀತಿಯೋ, ಇಲ್ಲಾ ಈ ಪರದಿ ಒಯ್ದು ನಿಮ್ಮಪ್ಪನ ಮೆಣಸಿನಕಾಯಿಗೆ ಹೊಚ್ಚತಿಯೋ?”

ಊರನ್ನೂ ಊರಿನ ರಸಿಕತೆಯನ್ನೂ ಬಾಯಿಗೆ ಬಂದಂತೆ ಬೈಯುತ್ತ ಕೆರೆಗೆ ಹೋದೆ. ಅಲ್ಲೇ ಕೂತು ಪಾವಟಿಗೆಗಳನ್ನು ಮೊದಲ ಸಲ ಸರಿಯಾಗಿ ನೋಡಿದೆ. ಹತ್ತಿ ಇಳಿದ ಕಾಲುಗಳಿಗೆ ನಡುಭಾಗ ಸವೆದಿತ್ತು. ಕೊಡ ಇಡುವಲ್ಲಿ ದುಂಡನೆಯ ಕುಳಿ. ಕೆಳಗಿನ ಕಲ್ಲಿಗೆ ಪಾಚಿ. ಹಳೆಯ ಪರದೆಯಲ್ಲಿ ನಾನು ಇದ್ಯಾವುದನ್ನೂ ಬರೆದಿರಲಿಲ್ಲ, ಗೆರೆ ಹೊಡೆದು ಕೈತೊಳೆದುಕೊಂಡಿದ್ದೆ. ಈ ಸಲ ಒಂದೊಂದು ಕಲ್ಲನ್ನೂ ಬಿಡಿಸಿ ಬರೆದು, ಕೊನೆಯ ಪಾವಟಿಗೆಯನ್ನು ಕಾರವಾರದ ಬೂದು ನೀರಿಗೆ ಮುಳುಗಿಸಿದೆ.

ಐತವಾರ ಅಪ್ಪ ಬಂದ, ಅವ್ವನ ಜೊತೆ, ಇಸ್ತ್ರಿ ಮಾಡಿದ ಧೋತರ, ಹೊಸ ರುಮಾಲು. ಒಳಗೆ ಕಾಲಿಟ್ಟು ಪರದೆ ನೋಡಿದವನು ಅಲ್ಲೇ ನಿಂತ. ಹೊಸ್ತಿಲ ತನಕ ಹಿಂದೆ ಹೋಗಿ, ಒಂದಾದ ಮೇಲೊಂದು ಚಪ್ಪಲಿ ಬಿಟ್ಟ.

ಮಾಲಕರು ಕ್ಯಾಮೆರಾದ ಕರಿಬಟ್ಟೆಯೊಳಗಿಂದ ತಲೆ ಹೊರಹಾಕಿದರು. “ಚಪ್ಪಲಿ ಇರಲಿ ಬಿಡ್ರಿ ಕಾಕಾ. ಅರ್ಧಾ ಫೋಟೋ, ಕಾಲು ಬರಂಗಿಲ್ಲ.”

“ಏಯ್,” ಅಂದ ಅಪ್ಪ, “ನೀರಿನ ಮುಂದ ನಿಂತೀನಿ, ಕಾಣವಲ್ದೇನು?”

ಸೋಮವಾರ ಹೇಳಿದಂತೆ ಅಂಗಡಿಗೆ ಹೋದೆ. ಗಾದಿಯ ಮೇಲೆ ನನಗೆಂದು ಬಿಟ್ಟಿದ್ದ ಜಾಗದಲ್ಲಿ, ಲೋಡಿಗೆ ಒರಗಿಕೊಂಡು, ಮೆಣಸಿನಕಾಯಿಯ ಚೀಲವೊಂದು ಕೂತಿತ್ತು. ಅಪ್ಪ ತಲೆ ಎತ್ತದೆ, “ಜಾಗಾ ಇಲ್ಲ, ನಡಿ,” ಅಂದ.